ಕೈಗೆ ಬದಲು ಇಕ್ಕಳ



ಎಸ್ಟೇಟಿನ ಲೈನುಮನೆಗಳಲ್ಲಿರುವ ನಿಮಗೂ, ಇತ್ತ ಲೋಹಾರಾ, ಉಮರ್ಗಾ, ನಿಲಂಗಾ ಕಡೆಯ ಊರುಗಳಲ್ಲಿರುವ ನಿಮ್ಮ ಬಂಧುಗಳಿಗೂ ಈ ಸಲ ಒಂದು ಸಣ್ಣ ವಿಷಯ ಹೇಳಬೇಕೆಂದಿದ್ದೇವೆ. ಸಣ್ಣದು ಎಂದೆವು, ಬೆರಳು ಕಳೆದುಕೊಂಡವನಿಗೆ ಅದು ಸಣ್ಣದಲ್ಲ.

ನಮ್ಮ ಸಹವಾಸದ ಯುವಕನೊಬ್ಬ ಕೆಲವು ವರ್ಷ ಎಸ್ಟೇಟಿನಲ್ಲಿ ದುಡಿದು, ಉಳಿಸಿದ ಹಣದಲ್ಲಿ ಊರಿನ ಮನೆಯ ಪಕ್ಕಕ್ಕೆ ತಗಡಿನ ಶೆಡ್ಡು ಹಾಕಿದ. ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ಗ್ರೈಂಡರ್ ಕೊಂಡ. ಕುಂಟೆ, ಕೂರಿಗೆಗಳ ದುರಸ್ತಿ, ಮೇವು ಕತ್ತರಿಸುವ ಯಂತ್ರದ ರಿಪೇರಿ ಎಂದು ಕೆಲಸಕ್ಕೆ ಕೊರತೆ ಇರಲಿಲ್ಲ. ಒಂದು ಸಂಜೆ ಅವಸರದಲ್ಲಿ ತಗಡಿನ ತುಂಡೊಂದನ್ನು ಎಡಗೈಯಲ್ಲೇ ಹಿಡಿದು ತೂತು ಕೊರೆದ. ಬಿಟ್ ಅಡಿಯಿಂದ ಹೊರಬೀಳುವ ಕ್ಷಣಕ್ಕೆ ತಗಡನ್ನು ಕಚ್ಚಿಕೊಂಡಿತು. ತಗಡು ಬಿಟ್ಟಿನ ಜೊತೆಗೇ ಗಿರ್ರನೆ ತಿರುಗಿತು. ಎರಡು ಬೆರಳು ಹೋದವು.

ಕೂಲಿಯವನು ಧಣಿಯ ಕೆಲಸದಲ್ಲಿ ಗಾಯಗೊಂಡರೆ ಪರಿಹಾರ ಕೇಳುವುದಕ್ಕೆ ನಮ್ಮ ದೇಶದಲ್ಲಿ 1923ರಿಂದಲೇ ಕಾನೂನಿನ ಆಧಾರವಿದೆ. ಆದರೆ ಮನೆಯ ಶೆಡ್ಡಿನಲ್ಲಿ ನಾವೇ ಧಣಿ, ನಾವೇ ಆಳು. ಪರಿಹಾರ ಯಾರನ್ನು ಕೇಳುವುದು? ಹೋದ ಬೆರಳಿನ ಲೆಕ್ಕ ಹೆಂಡತಿ ಮಕ್ಕಳ ತಟ್ಟೆಯಲ್ಲಿ ಕಾಣುತ್ತದೆ.

ಹಾಗೆಂದು ಕಸುಬು ಬಿಡಿ ಎಂದು ನಾವು ಹೇಳುವುದಿಲ್ಲ. ನಮ್ಮ ಹಿರಿಯರಿಗೆ ಕಸುಬೇ ಆಸರೆಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ವಿಶ್ವಾಸದ ನಿಮಿತ್ತ ಮನೆ ಮತ್ತು ಕುಲಕಸುಬು ಕಳೆದುಕೊಂಡವರಿಗೆ ನೇಯ್ಗೆ, ಮುದ್ರಣ, ಯಂತ್ರದ ಕೆಲಸಗಳನ್ನು ಕಲಿಸಿದರು. ಅವರಲ್ಲೊಬ್ಬರಾದ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಬೆಳಗಾವಿ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಒಂದು ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಸಣ್ಣ ಶೆಡ್ಡನ್ನು ಯಾರೂ ಹೀಯಾಳಿಸಬಾರದು. ಆದರೆ ಮೆಷಿನ್ ಕೊಳ್ಳಲು ಹಣ ಕೂಡಿಸುವ ನಾವು, ಕೆಲಸವನ್ನು ಬಿಗಿಯಾಗಿ ಹಿಡಿಯುವ ಸಾಮಾನಿನ ಬಗ್ಗೆ ಯೋಚಿಸುವುದೇ ಇಲ್ಲ. ತಪ್ಪು ಇರುವುದು ಅಲ್ಲಿ.

ಕಮ್ಮಾರನು ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿಯುವನೇ? ಅವನ ಮೊದಲ ಸಾಮಾನು ಇಕ್ಕಳ. ಯೆಶಾಯನು ಕಂಡ ದರ್ಶನದಲ್ಲಿ ಸೆರಾಫಿಯು ಯಜ್ಞವೇದಿಯ ಕೆಂಡವನ್ನು ತೆಗೆದದ್ದೂ ಇಕ್ಕಳದಿಂದಲೇ. ತಣ್ಣಗಿರುವ ಕಬ್ಬಿಣಕ್ಕೂ ಇಕ್ಕಳ ಬೇಕು. ಅದನ್ನು ಗುಜರಿ ಅಂಗಡಿಯ ತುಂಡುಗಳಿಂದ ನಾವೇ ಮಾಡಿಕೊಳ್ಳಬಹುದು.

ಮೊದಲನೆಯದು, ಒತ್ತುಪಟ್ಟಿ. ಗೇಣುದ್ದಕ್ಕಿಂತ ಕಡಿಮೆಯ ದಪ್ಪ ಕಬ್ಬಿಣದ ಪಟ್ಟಿಯಲ್ಲಿ ಬೋಲ್ಟು ಹೋಗುವಷ್ಟು ತೂತು ಮಾಡಿಸಿಕೊಳ್ಳಿ. ಮೆಷಿನ್ನಿನ ಮೇಜಿನ ಸೀಳಿನಲ್ಲಿ ಬೋಲ್ಟನ್ನು ಕೆಳಗಿನಿಂದ ತೂರಿಸಿ, ಪಟ್ಟಿಯ ಒಂದು ತುದಿಯನ್ನು ಕೆಲಸದ ಮೇಲೂ ಇನ್ನೊಂದು ತುದಿಯನ್ನು ಕಬ್ಬಿಣದ ತುಂಡಿನ ಮೇಲೂ ಇಟ್ಟು ವಾಷರ್ ಹಾಕಿ ನಟ್ಟು ಬಿಗಿಯಿರಿ. ಆ ತುಂಡು ಕೆಲಸದಷ್ಟೇ ಎತ್ತರ, ಇಲ್ಲವೇ ಕೂದಲೆಳೆಯಷ್ಟು ಹೆಚ್ಚು ಇರಲಿ. ಬೋಲ್ಟು ಕೆಲಸಕ್ಕೆ ಹತ್ತಿರವಿರಲಿ; ದೂರವಿದ್ದರೆ ಬಿಗಿತವೆಲ್ಲ ತುಂಡಿಗೆ ಹೋಗುತ್ತದೆ, ಕೆಲಸ ಸಡಿಲವಾಗಿಯೇ ಉಳಿಯುತ್ತದೆ.

ಎರಡನೆಯದು, ದುಂಡು ಸರಳಿಗೆ ತೊಟ್ಟಿಲು. ಗಟ್ಟಿ ಮರದ ತುಂಡಿನಲ್ಲಿ ಉದ್ದಕ್ಕೂ, ಎರಡು ಇಳಿಜಾರು ಸೇರಿ 90 ಡಿಗ್ರಿಯಾಗುವಂತೆ, ಗರಗಸದಿಂದ ಕಾಲುವೆ ತೆಗೆಯಿರಿ. ಸರಳು ಅದರಲ್ಲಿ ಉರುಳದೆ ಕೂರುತ್ತದೆ. ಮೇಲೆ ಒತ್ತುಪಟ್ಟಿ ಹಾಕಿ.

ಮೂರನೆಯದು, ವೈಸಿನ ಹಲ್ಲಿಗೆ ಮೆತ್ತನೆಯ ಹೊದಿಕೆ. ಅಲ್ಯೂಮಿನಿಯಂ ಆಂಗಲ್‌ನ ಎರಡು ತುಂಡು ಸಾಕು. ಅರ ಹಾಕಿ ನುಣುಪು ಮಾಡಿದ ಕೆಲಸಕ್ಕೆ ಹಲ್ಲಿನ ಗುರುತು ಬೀಳುವುದಿಲ್ಲ.

ನಾಲ್ಕನೆಯದು, ತಡೆ. ಉದ್ದದ ಪಟ್ಟಿಯನ್ನು ಕೊರೆಯುವಾಗ ಅದರ ಉದ್ದ ತುದಿ ಮೆಷಿನ್ನಿನ ಕಂಬದ ಎಡಮಗ್ಗುಲಿಗೆ ಆತುಕೊಂಡಿರಲಿ. ಬಿಟ್ ಬಲಕ್ಕೆ ತಿರುಗುವುದರಿಂದ, ಕಚ್ಚಿಕೊಂಡರೂ ಕಂಬವೇ ತಡೆಯುತ್ತದೆ. ತೆಳು ತಗಡನ್ನು ಎರಡು ಹಲಗೆಗಳ ನಡುವೆ ಒತ್ತಿ ಬಿಗಿದು ಕೊರೆಯಿರಿ. ಬಿಟ್ ಹೊರಬೀಳುವಾಗ ಒತ್ತಡ ಕಡಿಮೆ ಮಾಡಿ. ಅದೇ ಅಪಾಯದ ಗಳಿಗೆ.

ತಿರುಗುವ ಮೆಷಿನ್ನಿನ ಹತ್ತಿರ ಕೈಗವಸು ಬೇಡ. ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದೊಯ್ಯುತ್ತದೆ. ಸೆರಗು, ಜಡೆ, ಸಡಿಲ ತೋಳು, ಕೊರಳಿನ ದಾರ, ಎಲ್ಲವನ್ನೂ ಕಟ್ಟಿಕೊಳ್ಳಿ. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಬೇಡಿ. ಕಣ್ಣಿಗೆ ಕನ್ನಡಕ ಇರಲಿ.

ಇದಕ್ಕೆಲ್ಲ ತಗಲುವುದು ಕೆಲವು ಬೋಲ್ಟುಗಳ ಹಣ ಮತ್ತು ಎರಡು ಭಾನುವಾರಗಳ ಮಧ್ಯಾಹ್ನ. ಬೆರಳಿಗೆ ಹೋಲಿಸಿದರೆ ಏನೂ ಅಲ್ಲ. ಆದ್ದರಿಂದ ನಮ್ಮ ವಿನಂತಿ ಇದು: ಪ್ರತಿಯೊಂದು ಸಹವಾಸವೂ ಇಂಥ ಪಟ್ಟಿ, ತೊಟ್ಟಿಲು, ಹೊದಿಕೆಗಳ ಒಂದು ಪೆಟ್ಟಿಗೆಯನ್ನು ಮಾಡಿಸಿ ಇಡಲಿ. ಹೊಸದಾಗಿ ಶೆಡ್ಡು ಹಾಕುವ ಹುಡುಗನಿಗೆ ಮೊದಲು ಆ ಪೆಟ್ಟಿಗೆ ಕೈಗೆ ಬರಲಿ, ಆಮೇಲೆ ಮೆಷಿನ್. ಕೆಲಸ ಬಲ್ಲ ಅಣ್ಣಂದಿರು ಒಂದು ದಿನ ಕುಳಿತು ತೋರಿಸಿಕೊಡಲಿ.

ಬೆರಳು ಕಳೆದುಕೊಂಡ ಆ ಯುವಕ ಈಗ ಮತ್ತೆ ಶೆಡ್ಡಿಗೆ ಹೋಗುತ್ತಿದ್ದಾನೆ. ಮೊದಲ ಪೆಟ್ಟಿಗೆಯನ್ನು ತಾನೇ ಮಾಡಿಕೊಡುತ್ತೇನೆ ಎಂದಿದ್ದಾನೆ. ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತು ಬೋಲ್ಟು ಬಿಗಿಯಲು ನೆರವಾಗಿ. ಬಡಗಿಯ ಮನೆಯಲ್ಲಿ ಬೆಳೆದು ಕೈಕೆಲಸದ ಬೆಲೆ ಬಲ್ಲ ಕರ್ತನು ನಿಮ್ಮ ಕೈಗಳನ್ನು ಕಾಯಲಿ.