ಎಲ್‌ಇಡಿ ಹೊತ್ತಿದರೆ ಮಾತ್ರ ಅಂಕವೇ?

ನಮ್ಮ ದ್ವಿತೀಯ ಪಿಯುಸಿ ಎಲೆಕ್ಟ್ರಾನಿಕ್ಸ್‌ನಲ್ಲಿ ಥಿಯರಿಗೆ 70, ಪ್ರಾಯೋಗಿಕಕ್ಕೆ 30 ಅಂಕ. ಮುಂದೆ ಇಂಜಿನಿಯರಿಂಗ್ ಸೇರಿದರೂ ಲ್ಯಾಬ್ ಬಿಡುವುದಿಲ್ಲ. ವಿಟಿಯು 2022ರ ಸ್ಕೀಮ್‌ನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಡಿಜಿಟಲ್ ವಿಷಯಕ್ಕೆ ಆಂತರಿಕ 50, ಸೆಮಿಸ್ಟರ್ ಪರೀಕ್ಷೆಗೆ 50. ಆಂತರಿಕ ಅಂಕದಲ್ಲಿ ಅರ್ಧ, ಅಂದರೆ 25, ಲ್ಯಾಬಿನದ್ದೇ.

ಲ್ಯಾಬ್ ಟೆಸ್ಟ್‌ನಲ್ಲಿ ನನಗೆ ಹಾಫ್ ಆಡರ್ ಬಂತು. 7486, 7408 ಐಸಿಗಳನ್ನು ಜೋಡಿಸಿದೆ. ಎರಡೂ ಇನ್‌ಪುಟ್‌ಗೆ 1 ಕೊಟ್ಟರೂ ಕ್ಯಾರಿ ಎಲ್‌ಇಡಿ ಹೊತ್ತಲಿಲ್ಲ. ಒಂದೊಂದೇ ತಂತಿ ಪರೀಕ್ಷಿಸುತ್ತಾ ಹೋದೆ. 7408ರ 14ನೇ ಪಿನ್‌ಗೆ 5 ವೋಲ್ಟ್ ಕೊಡುವುದನ್ನೇ ಮರೆತಿದ್ದೆ! ಅದು ಸಿಗುವಷ್ಟರಲ್ಲಿ ಬೆಲ್ ಹೊಡೆಯಿತು. ಔಟ್‌ಪುಟ್‌ನ ಅಂಕ ಹೋಯಿತು.

ಔಟ್‌ಪುಟ್‌ಗೆ ಅಂಕ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಹಾಫ್ ಆಡರ್‌ನ ಟ್ರೂತ್ ಟೇಬಲ್ ನಾಲ್ಕೇ ಸಾಲು; ಬಾಯಿಪಾಠ ಮಾಡಿ ಬರೆದವರಿಗೂ ಅಂಕ ಸಿಗುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕುವುದನ್ನು ಬಾಯಿಪಾಠ ಮಾಡಲಾಗದು.

ಅಧ್ಯಾಪಕರಲ್ಲಿ ನನ್ನ ವಿನಂತಿ: ಕಾಲೇಜಿನ ಟೆಸ್ಟ್‌ಗಳಲ್ಲಾದರೂ ಎರಡು ಅಂಕವನ್ನು ದೋಷ ಹುಡುಕುವುದಕ್ಕೆ ಇಡಿ. ನೀವೇ ಒಂದು ತಂತಿ ಕಿತ್ತುಕೊಟ್ಟು, ಎಲ್ಲಿ ತಪ್ಪಿದೆ ಎಂದು ಕೇಳಿ.

ಅಂಕ ಹೋದದ್ದಕ್ಕೆ ಬೇಸರವಿದೆ, ಸುಳ್ಳು ಹೇಳಲಾರೆ. ಆದರೆ ಆ 14ನೇ ಪಿನ್ ಅನ್ನು ಇನ್ನೆಂದೂ ಮರೆಯುವುದಿಲ್ಲ.