‘ಬಿಟ್ಟಾರು’ ಎನ್ನಬಲ್ಲವನಿಗೆ ‘ಮೂಡ್’ ಕಷ್ಟವೆ?

ಇಂಗ್ಲಿಷ್ ಪಾಠದ ಹೊತ್ತಿನಲ್ಲಿ ಕನ್ನಡದ ಒಂದು ಮಾತೂ ತರಗತಿಯೊಳಕ್ಕೆ ನುಸುಳಕೂಡದೆಂಬುದು ನಮ್ಮ ವಿದ್ಯಾವಂತ ತಾಯಿತಂದೆಗಳಲ್ಲಿ ಈಚೆಗೆ ವೇದವಾಕ್ಯವಾಗಿಬಿಟ್ಟಿದೆ. ಕನ್ನಡದಲ್ಲಿ ಅರ್ಥ ಹೇಳಿದರೆ ಮಗುವಿನ ಇಂಗ್ಲಿಷ್ ಕೆಟ್ಟುಹೋಗುವುದಂತೆ! ಪಕ್ಕದವನ ಕಿವಿಯಲ್ಲಿ ಕನ್ನಡ ಪಿಸುಗುಟ್ಟಿದ ಮಗುವಿಗೆ ದಂಡ ಹಾಕುವ ಶಾಲೆಗಳೂ ಉಂಟು. ಈ ಮತ ತಪ್ಪು ಮಾತ್ರವಲ್ಲ, ಹಾನಿಕರವೂ ಹೌದೆಂದು ನನ್ನ ವಾದ. ಅದನ್ನು ಎಲ್ಲ ಕಡೆಯಿಂದಲೂ ತೋರಿಸಹೊರಟರೆ ಪುರವಣಿಯ ಪುಟಗಳು ಸಾಲವು. ಆದ್ದರಿಂದ ಇಂಗ್ಲಿಷ್ ವ್ಯಾಕರಣದ ಒಂದೇ ಒಂದು ಅಧ್ಯಾಯವನ್ನು ಹಿಡಿಯುತ್ತೇನೆ. ಅದು ಕ್ರಿಯಾಪದದ ‘ಮೂಡ್’.

‘ಮೂಡ್’ ಎಂದೊಡನೆ ಹುಡುಗರಿಗೆ ನೆನಪಾಗುವುದು ಮನಸ್ಸಿನ ಲಹರಿ. ಎಷ್ಟೋ ಜನ ಉಪಾಧ್ಯಾಯರೂ ಹಾಗೆಯೇ ವಿವರಿಸುತ್ತಾರೆ. ಎರಡೂ ಬೇರೆ ಬೇರೆ ಶಬ್ದಗಳು. ಲಹರಿಯ ಮೂಡ್ ಇಂಗ್ಲಿಷಿನ ಹಳೆಯ ಸ್ವಂತ ಸೊತ್ತು. ವ್ಯಾಕರಣದ ಮೂಡ್ ‘ರೀತಿ’ ಎಂಬ ಅರ್ಥದ ಲ್ಯಾಟಿನ್ ‘ಮೋಡುಸ್’ನಿಂದ ಇಳಿದುಬಂದದ್ದು. ಆಡುವವನು ಒಂದು ಸಂಗತಿಯನ್ನು ಯಾವ ರೀತಿಯಲ್ಲಿ ಮುಂದಿಡುತ್ತಾನೆ? ನಡೆಯಿತೆಂದೋ, ನಡೆಯಲೆಂದೋ, ನಡೆದೀತೆಂದೋ, ನಡೆದಿದ್ದರೆ ಚೆನ್ನಾಗಿತ್ತೆಂದೋ? ಇದಿಷ್ಟೇ ಮೂಡ್. ಆದರೆ ನಮ್ಮ ಮಕ್ಕಳಿಗೆ ಸಿಗುವುದು ಇಂಡಿಕೇಟಿವ್, ಇಂಪರೇಟಿವ್, ಸಬ್‌ಜಂಕ್ಟಿವ್ ಎಂಬ ಮೂರು ಹೆಸರುಗಳು, ಅವುಗಳ ಕೆಳಗೆ ಒಂದೊಂದು ಉದಾಹರಣೆ. ‘ಐ’ ಮುಂದೆ ‘ವಾಸ್’ ಬರಬೇಕೆಂದು ಹೋದ ವರ್ಷ ಗದರಿಸಿ ಕಲಿಸಿದವರೇ ಈ ವರ್ಷ ‘ಇಫ್ ಐ ವರ್ ಎ ಕಿಂಗ್’ ಎನ್ನುತ್ತಾರೆ. ಏಕೆಂದು ಕೇಳಿದ ಹುಡುಗನಿಗೆ ಉತ್ತರ: “ಅದು ಹಾಗೆಯೇ, ಬಾಯಿಪಾಠ ಮಾಡು.”

ನಾನಿರುವುದು ಗಂಜಾಮಿನಲ್ಲಿ. ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ತರಿಸಿ ಟಿಪ್ಪು ಕಟ್ಟಿಸಿದ ಪೇಟೆಯೆಂದು ಗೆಜೆಟಿಯರು ಹೇಳುತ್ತದೆ. ಅಂಜೂರಕ್ಕೂ ಹೆಸರಾದ ಊರು. ಸಂಜೆ ನಾಲ್ಕಾರು ಮಕ್ಕಳು ಇಂಗ್ಲಿಷ್ ಹೇಳಿಸಿಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಕನ್ನಂಬಾಡಿಯ ನೀರನ್ನು ನಂಬಿದ ಸೀಮೆಯ ಮಕ್ಕಳು ಅವರು. ಮನೆಯಲ್ಲಿ ಅವರು ಕೇಳುವ ಮಾತುಗಳನ್ನು ನೋಡಿ. ‘ನಾಲೆಗೆ ನೀರು ಬಿಡುತ್ತಾರೆ’, ಇದು ವಾರ್ತೆ. ‘ಬಿಡಲಿ’, ಇದು ಹಾರೈಕೆ. ‘ಬಿಟ್ಟಾರು’, ಇದು ಶಂಕೆಯೊಡನೆ ಬೆರೆತ ಆಸೆ. ‘ಬಿಡರು’, ಇದು ಕಾಲದ ಗೊಡವೆಯೇ ಇಲ್ಲದ ನಿಷೇಧ. ‘ಬಿಟ್ಟರೆ ನಾಟಿ ಮಾಡುತ್ತೇವೆ’, ಇದು ಇನ್ನೂ ಬಾಗಿಲು ತೆರೆದಿರುವ ಷರತ್ತು. ‘ಬಿಟ್ಟಿದ್ದರೆ ಬೆಳೆ ಉಳಿಯುತ್ತಿತ್ತು’, ಇದು ಬಾಗಿಲು ಮುಚ್ಚಿಹೋದ ಮೇಲಿನ ನಿಟ್ಟುಸಿರು. ಒಂದು ಗದ್ದೆಯ ಬದುವಿನ ಮೇಲೆ ಆರು ‘ಮೂಡ್’ಗಳು! ಅವುಗಳಲ್ಲಿ ಮೂರಕ್ಕೆ ವಿಧ್ಯರ್ಥ, ಸಂಭಾವನಾರ್ಥ, ನಿಷೇಧಾರ್ಥ ಎಂಬ ಹೆಸರುಗಳನ್ನು ಕನ್ನಡದ ಉಪಾಧ್ಯಾಯರು ಪಕ್ಕದ ಕೊಠಡಿಯಲ್ಲಿ ಕಲಿಸುತ್ತಲೂ ಇರುತ್ತಾರೆ. ಇಂಗ್ಲಿಷ್ ಕೊಠಡಿಯಲ್ಲಿ ಮಾತ್ರ ಆ ಮಗು ಏನೂ ತಿಳಿಯದ ದಡ್ಡ.

ಈಗ ‘ವರ್’ ಎಂಬ ಒಗಟನ್ನು ತೆಗೆದುಕೊಳ್ಳೋಣ. ನಡೆಯದ ಸಂಗತಿಯನ್ನು ಊಹಿಸುವಾಗ ಇಂಗ್ಲಿಷರು ಭೂತಕಾಲದ ರೂಪವನ್ನು ಬಳಸುತ್ತಾರೆ. ವಿಚಿತ್ರವೆ? ನಮ್ಮ ‘ನಾಳೆ ನೀರು ಬಿಟ್ಟರೆ’ ಎಂಬುದನ್ನು ಬಿಡಿಸಿ ನೋಡಿ. ನಾಳಿನ ಮಾತು, ಒಳಗೆ ಕುಳಿತಿರುವುದು ‘ಬಿಟ್ಟ’, ‘ಬಿಟ್ಟರು’ ಎಂಬವುಗಳಲ್ಲಿರುವ ಅದೇ ಭೂತಕಾಲದ ಅಂಗ. ಭೂತರೂಪವೆಲ್ಲ ಕಳೆದ ಕಾಲವನ್ನೇ ಹೇಳಬೇಕಿಲ್ಲವೆಂಬುದು ಕನ್ನಡದ ಮಗುವಿಗೆ ತೊಟ್ಟಿಲಿನಲ್ಲೇ ಬಂದ ಅರಿವು. ಇನ್ನು, ‘ಅವನು ಬರಲಿ ಎಂದು ಸೂಚಿಸುತ್ತೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಹಿ’ ಮುಂದೆ ‘ಕಮ್ಸ್’ ಬಾರದೆ ‘ಕಮ್’ ಏಕೆ ಬರುತ್ತದೆ? ‘ಬರಲಿ’ಯನ್ನು ಕೇಳಿ: ಅವನು ಬರಲಿ, ಅವಳು ಬರಲಿ, ಅವರು ಬರಲಿ. ಲಿಂಗವಚನಗಳ ಗುರುತನ್ನು ಅದು ಕಳಚಿಟ್ಟಿದೆ. ಇಂಗ್ಲಿಷಿನ ‘ಕಮ್’ ಕೂಡ ತನ್ನ ಬಾಲದ ‘ಎಸ್’ ಅಕ್ಷರವನ್ನು ಹಾಗೆಯೇ ಕಳಚಿಡುತ್ತದೆ. ‘ಲಾಂಗ್ ಲಿವ್ ದಿ ಕಿಂಗ್’ ಎಂಬ ಘೋಷದಲ್ಲಿಯೂ ಅದೇ ಕಥೆ.

ಎರಡು ಭಾಷೆಗಳೂ ಎಲ್ಲೆಲ್ಲೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬೇರೆಯಾಗುವ ಕಡೆಯಲ್ಲಿಯೇ ಕನ್ನಡದ ಅಗತ್ಯ ಇನ್ನೂ ಹೆಚ್ಚು. ‘ನಾಳೆ ನೀರು ಬಿಟ್ಟರೆ ನಾಟಿ ಮಾಡುತ್ತೇವೆ’ ಎಂಬುದನ್ನು ಹುಡುಗ ‘ಇಫ್ ದೆ ರಿಲೀಸ್ಡ್ ವಾಟರ್ ಟುಮಾರೊ, ವಿ ವಿಲ್ ಪ್ಲಾಂಟ್’ ಎಂದು ಬರೆಯುತ್ತಾನೆ. ಕೆಂಪು ಶಾಯಿ ಒಂದು ಗೆರೆ ಎಳೆದು ಮುಂದೆ ಹೋಗುತ್ತದೆ. ಹುಡುಗ ಪೆದ್ದನಲ್ಲ, ಕನ್ನಡದ ನ್ಯಾಯವನ್ನು ಪ್ರಾಮಾಣಿಕವಾಗಿ ಅನ್ವಯಿಸಿದ್ದಾನೆ. ‘ಅಪ್ಪಾ, ಆಗಬಹುದಾದ ಮಾತಿಗೆ ಇಂಗ್ಲಿಷರು ವರ್ತಮಾನವನ್ನೇ ಬಳಸುತ್ತಾರೆ, ಆಸೆ ಕ್ಷೀಣವಾದಾಗ ಮಾತ್ರ ಭೂತಕ್ಕೆ ಸರಿಯುತ್ತಾರೆ, ಆಗ ಮುಂದಿನ ವಾಕ್ಯದಲ್ಲಿ ವಿಲ್ ಹೋಗಿ ವುಡ್ ಬರುತ್ತದೆ’ ಎಂದು ಎರಡು ಮಾತು ಹೇಳಿದರೆ ಮುಗಿಯಿತು. ಆ ಎರಡು ಮಾತನ್ನು ಕನ್ನಡದಲ್ಲಿ ಹೇಳುವುದು ಅಪರಾಧವಾದರೆ, ಮಗು ತಪ್ಪಿನ ಮೂಲವನ್ನು ಎಂದೂ ಕಾಣದು.

ಪ್ರತಿಪಕ್ಷದವರ ವಾದಕ್ಕೂ ಬೆಲೆ ಕೊಡೋಣ. ಭಾಷೆ ಕೇಳಿ ಕೇಳಿ ಬರಬೇಕು, ತರ್ಜುಮೆಯ ಚಾಳಿ ಬಿದ್ದರೆ ನಾಲಗೆ ತಡವರಿಸುತ್ತದೆ ಎನ್ನುತ್ತಾರೆ. ಲಂಡನ್ನಿನ ಬೀದಿಯಲ್ಲಿ ಬೆಳೆಯುವ ಮಗುವಿನ ಮಟ್ಟಿಗೆ ಇದು ಸರಿ. ಅದು ಎಚ್ಚರವಾಗಿರುವಷ್ಟು ಹೊತ್ತೂ ಇಂಗ್ಲಿಷನ್ನೇ ಕೇಳುತ್ತದೆ. ಗಂಜಾಮಿನ ಮಗುವಿಗೆ ಸಿಗುವುದು ದಿನಕ್ಕೊಂದು ಪೀರಿಯಡ್ಡು. ಬಾಯಿಗೆ ಬೀಗ ಹಾಕಿದರೂ ಮನಸ್ಸು ಒಳಗೊಳಗೇ ತರ್ಜುಮೆ ಮಾಡಿಕೊಳ್ಳುತ್ತಿರುತ್ತದೆ. ಬೆಳಕಿನಲ್ಲಿ ಮಾಡಬೇಕಾದ ಕೆಲಸವನ್ನು ಕತ್ತಲೆಯಲ್ಲಿ ಮಾಡುತ್ತದೆ, ಅಷ್ಟೇ.

ಹಿಂದಿನವರು ಹೇಗೆ ಕಲಿತರು? ನಾಗವರ್ಮ ‘ಕರ್ಣಾಟಕ ಭಾಷಾಭೂಷಣ’ವನ್ನೂ, ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನೂ ರಚಿಸಿ ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಮೂಲಕ ಹೇಳಿದರು. ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ ತಮ್ಮವರಿಗಾಗಿ ಕನ್ನಡ ವ್ಯಾಕರಣಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಕಲಿಯಬೇಕಾದರೆ ಇಂಗ್ಲಿಷನ್ನು ಹೊರಗಿಟ್ಟು ಬನ್ನಿರೆಂದು ಆ ದೊರೆಗಳಿಗೆ ಯಾರೂ ಹೇಳಲಿಲ್ಲ. ತಿಳಿದುದರ ಮೂಲಕ ತಿಳಿಯದುದಕ್ಕೆ ಹೋಗುವ ಹಕ್ಕು ಅವರಿಗಿತ್ತು. ನಮ್ಮ ಮಗುವಿಗೆ ಮಾತ್ರ ಇಲ್ಲವೆ?

ಇದು ಎರಡು ಅಂಕಗಳ ಪ್ರಶ್ನೆ ಮಾತ್ರವೆನ್ನುವವರು ನಮ್ಮೂರಿನ ಪಕ್ಕದಲ್ಲೇ ಇರುವ ಶ್ರೀರಂಗಪಟ್ಟಣದ ಕೋಟೆಯತ್ತ ಒಮ್ಮೆ ನೋಡಲಿ. ಆ ಕೋಟೆ ಬಿದ್ದದ್ದು 1799ರ ಮೇ 4ರಂದು. ಜುಲೈ ತಿಂಗಳಲ್ಲಿ ಕಂಪೆನಿಯವರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಒಂದು ಕೌಲು ಮಾಡಿಕೊಂಡರು. ಕಂಪೆನಿಯ ಸೈನ್ಯದ ವೆಚ್ಚಕ್ಕೆ ವರ್ಷಕ್ಕೆ ಏಳು ಲಕ್ಷ ವರಹ ಸಲ್ಲತಕ್ಕದ್ದು. ಆ ಹಣ ನಿಂತುಹೋದರೆ ಎಂದು ಮಾತ್ರ ಬರೆದಿದ್ದರೆ ಮಾತು ಬೇರೆ ಇತ್ತು. ಬರೆದದ್ದು, ಹಣಕ್ಕೆ ಕೊರತೆ ಬಂದೀತೆಂದು ಗವರ್ನರ್ ಜನರಲ್ಲನಿಗೆ ಶಂಕಿಸಲು ಕಾರಣ ತೋರಿದರೆ, ಅವಶ್ಯವೆಂದು ಅವನಿಗೆ ಕಂಡಷ್ಟು ಪ್ರದೇಶದ ಆಡಳಿತವನ್ನು ಅವನು ಕೈಗೆ ತೆಗೆದುಕೊಳ್ಳಬಹುದೆಂದು. ‘ನಿಂತರೆ’ ಅಲ್ಲ, ‘ನಿಂತೀತೆಂದು ತೋರಿದರೆ’! ಈ ಸಂಭಾವನಾರ್ಥದ ಬಲದ ಮೇಲೆ 1831ರಲ್ಲಿ ಬೆಂಟಿಂಕ್ ಇಡೀ ಮೈಸೂರಿನ ಆಡಳಿತವನ್ನು ವಹಿಸಿಕೊಂಡ. ಅದು ಒಡೆಯರ ಮನೆತನಕ್ಕೆ ಹಿಂದಿರುಗಿದ್ದು 1881ರಲ್ಲಿ. ಐವತ್ತು ವರ್ಷಗಳ ಆಳ್ವಿಕೆ ಒಂದು ‘ಮೂಡ್’ನ ಮೇಲೆ ನಿಂತಿತ್ತು.

ದೊರೆಗಳ ಕಾಲ ಮುಗಿಯಿತೆನ್ನಬೇಡಿ. ನಮ್ಮ ಸಂವಿಧಾನದ 345ನೆಯ ಅನುಚ್ಛೇದ ರಾಜ್ಯದ ವಿಧಾನಮಂಡಲ ಆಡಳಿತಭಾಷೆಯನ್ನು ಅಂಗೀಕರಿಸುವ ವಿಷಯದಲ್ಲಿ ‘ಮೇ’ ಎನ್ನುತ್ತದೆ, ‘ಶಲ್’ ಎನ್ನುವುದಿಲ್ಲ. ಆದ್ದರಿಂದಲೇ ಕನ್ನಡಕ್ಕೆ 1963ರಲ್ಲಿ ಬೇರೆಯೇ ಕಾನೂನು ಬೇಕಾಯಿತು. ‘ಶಲ್’ ಎಂದರೆ ಬರಿಯ ಭವಿಷ್ಯತ್ಕಾಲವೆಂದು ಕಲಿತ ಹುಡುಗ ನಾಳೆ ಬಾಡಿಗೆಯ ಕರಾರನ್ನೋ ಬ್ಯಾಂಕಿನ ಸಾಲಪತ್ರವನ್ನೋ ಓದುತ್ತಾನೆ. ಅಲ್ಲಿನ ‘ಶಲ್’ ನಮ್ಮ ಕಾಯಿದೆಗಳ ‘ತಕ್ಕದ್ದು’, ‘ಮೇ’ ನಮ್ಮ ‘ಬಹುದು’ ಎಂದು ಯಾರೂ ಹೇಳಿರದಿದ್ದರೆ, ಅವನು ಯಾವುದಕ್ಕೆ ಬದ್ಧನಾದೆನೆಂದು ತಿಳಿಯದೆಯೇ ರುಜು ಹಾಕುತ್ತಾನೆ.

ನಾನು ಕೇಳುವುದು ದೊಡ್ಡದೇನಲ್ಲ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಹೊಸ ಆಯೋಗವಂತೂ ಬೇಡವೇ ಬೇಡ. ಪ್ರೌಢಶಾಲೆಯಲ್ಲಿ ಕನ್ನಡದ ಉಪಾಧ್ಯಾಯರು ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳನ್ನು ಹೇಳುವ ವಾರದಲ್ಲೇ ಇಂಗ್ಲಿಷಿನ ಉಪಾಧ್ಯಾಯರು ಮೂಡ್‌ಗಳನ್ನು ತೆಗೆದುಕೊಳ್ಳಲಿ. ಒಂದು ಪೀರಿಯಡ್ಡು ಇಬ್ಬರೂ ಒಂದೇ ಕೊಠಡಿಯಲ್ಲಿ ನಿಂತು, ಕರಿಹಲಗೆಯ ಒಂದು ಪಕ್ಕಕ್ಕೆ ‘ಬಿಟ್ಟಾರು’ ಎಂದೂ ಇನ್ನೊಂದು ಪಕ್ಕಕ್ಕೆ ‘ದೆ ಮೇ ರಿಲೀಸ್’ ಎಂದೂ ಬರೆಯಲಿ. ಕನ್ನಡ ಆಡಿದ ಮಗುವಿನಿಂದ ದಂಡ ವಸೂಲಿ ಮಾಡುವ ಶಾಲೆಗಳು ಅದನ್ನು ಇಂದೇ ನಿಲ್ಲಿಸಲಿ. ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕೆಂಬ ಆಸೆ ನನಗೂ ಇದೆ. ಅದಕ್ಕಾಗಿಯೇ ಇಷ್ಟು ಕೇಳುತ್ತಿದ್ದೇನೆ.