ವಿಶ್ಲೇಷಣೆ: ಹೊಗೆ ಟೆಸ್ಟ್ ವರ್ಷಕ್ಕೊಮ್ಮೆ, ಬ್ರೇಕ್ ಟೆಸ್ಟ್ 15 ವರ್ಷಕ್ಕೊಮ್ಮೆ! ಮನೆ ಮುಂದೆ ಕಾರು ಬಿಚ್ಚೋ ಮುನ್ನ ಇದನ್ನ ಓದಿ

ಯಲಹಂಕ: ಭಾನುವಾರ ಬೆಳಗ್ಗೆ ಯಲಹಂಕ ಉಪನಗರದ ಕ್ರಾಸ್‌ಗಳಲ್ಲಿ ಒಂದು ರೌಂಡ್ ಹಾಕಿ ಬನ್ನಿ. ಎಲ್ಲೋ ಒಂದು ಮನೆ ಮುಂದೆ ಸಣ್ಣ ಕಾರೊಂದು ಜಾಕ್ ಮೇಲೆ ನಿಂತಿರುತ್ತೆ. ಚಕ್ರ ಬಿಚ್ಚಿ ಪಕ್ಕಕ್ಕಿಟ್ಟಿರ್ತಾರೆ, ಬಾನೆಟ್ ಮೇಲಿಟ್ಟ ಮೊಬೈಲ್‌ನಲ್ಲಿ ಯೂಟ್ಯೂಬ್ ವಿಡಿಯೋ ಓಡ್ತಿರುತ್ತೆ. ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯೂ ಇಂಥ ದೃಶ್ಯ ಹೊಸದೇನಲ್ಲ.

ಹೌದು, ಮೊದಲೆಲ್ಲ ಮನೆಯಲ್ಲಿ ಕಾರು ತೊಳೆಯೋದು, ಬ್ಯಾಟರಿಗೆ ನೀರು ಹಾಕೋದು ಅಷ್ಟೇ ಇತ್ತು. ಈಗ ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್‌ವರೆಗೂ ಕೈ ಹಾಕೋರಿದ್ದಾರೆ. ಇದನ್ನ ಹುಚ್ಚಾಟ ಅಂತ ತಳ್ಳಿಹಾಕೋದು ಸುಲಭ. ಆದ್ರೆ ಇದರ ಹಿಂದೆ ರಸ್ತೆ ಇದೆ, ತೆರಿಗೆ ಇದೆ, ಕಾನೂನಿನಲ್ಲಿರೋ ಒಂದು ದೊಡ್ಡ ತೂತೂ ಇದೆ.

ಕಳೆದ ತಿಂಗಳು ನಮ್ಮ ಭಾವನ ಕಾರಿಗೆ ಮುಂದಿನ ಬ್ರೇಕ್ ಪ್ಯಾಡ್ ಹಾಕೋವಾಗ ನಾನೂ ಸ್ಪ್ಯಾನರ್ ಹಿಡಿದು ಕೂತಿದ್ದೆ. ಪ್ಯಾಡ್ ಸರಿಯಾಗೇ ಕೂತ್ಕೊಳ್ತು, ಬೋಲ್ಟ್ ಎಲ್ಲ ಟೈಟ್ ಆಯ್ತು. ಕೆಲಸ ಮುಗಿದ ಖುಷಿಯಲ್ಲಿ ಭಾವ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್ ತೆಗೆದ್ರು. ಬ್ರೇಕ್ ಒತ್ತಿದ್ರೆ ಪೆಡಲ್ ಸೀದಾ ಕೆಳಕ್ಕೆ ಹೋಯ್ತು. ಎದುರು ಮನೆ ಕಾಂಪೌಂಡ್‌ಗೆ ಒಂದಡಿ ಇದ್ದಾಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ರು. ಐದು ನಿಮಿಷದ ಹಿಂದೆ ಅದೇ ಜಾಗದಲ್ಲಿ ಪಕ್ಕದ ಮನೆ ಹುಡುಗ ಸೈಕಲ್ ಹೊಡೀತಿದ್ದ. ಏನಾಗಿತ್ತು ಅನ್ನೋದನ್ನ ಮುಂದೆ ಹೇಳ್ತೀನಿ.

ಉತ್ತರದ ರಸ್ತೆ, ಕಾರಿನ ಸೊಂಟ

ಉತ್ತರ ಬೆಂಗಳೂರಿನ ಸಣ್ಣ ಕಾರಿಗೆ ಎರಡು ಕಡೆಯಿಂದ ಪೆಟ್ಟು. ಒಂದು ಹೆಬ್ಬಾಳದ ಟ್ರಾಫಿಕ್. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಮೆಟ್ರೋ ಕಾಮಗಾರಿ, ಫ್ಲೈಓವರ್ ಹತ್ತಿರದ ಕ್ಯೂ, ಹತ್ತು ಅಡಿ ಹೋದ್ರೆ ಒಂದು ಬ್ರೇಕ್. ಪ್ಯಾಡ್ ಸವೆಯೋದು ಇಲ್ಲೇ. ಇನ್ನೊಂದು ಒಳರಸ್ತೆಯ ಗುಂಡಿ ಮತ್ತು ಹಂಪ್. ಮಳೆ ನೀರು ತುಂಬಿದ ಗುಂಡಿಯ ಆಳ ಕಾಣಲ್ಲ, ಚಕ್ರ ಧಡ್ ಅಂತ ಇಳಿಯುತ್ತೆ. ಲಿಂಕ್ ರಾಡ್, ಬಾಲ್ ಜಾಯಿಂಟ್, ಬುಷ್, ಶಾಕ್ ಅಬ್ಸಾರ್ಬರ್ ಎಲ್ಲಕ್ಕೂ ಆ ಏಟು ಬೀಳುತ್ತೆ.

ಹಂಪ್‌ಗೂ ಒಂದು ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಪ್ರಕಾರ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಂದ್ರೆ ಹನ್ನೆರಡು ಅಡಿ ಉದ್ದಕ್ಕೆ ನಾಲ್ಕು ಇಂಚು ಏರಿ ಇಳಿಯೋ ದಿಬ್ಬ. ನಮ್ಮ ಕ್ರಾಸ್‌ಗಳಲ್ಲಿ ರಾತ್ರೋರಾತ್ರಿ ಹಾಕಿದ, ಎರಡಡಿ ಅಗಲದ ದಿಣ್ಣೆಗಳನ್ನ ಒಂದು ಟೇಪ್ ಹಿಡಿದು ಅಳೆದು ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಗುಂಡಿಯಿಂದ ಆದ ಹಾನಿಗೆ ಪಾಲಿಕೆ ಹೊಣೆ, ಜನ ಪರಿಹಾರ ಕೇಳಬಹುದು ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಅಪಘಾತವಾದ್ರೆ ಜಾಗ, ದಿನ, ಆಸ್ಪತ್ರೆ ಬಿಲ್ ತೋರಿಸಬಹುದು. ಆದ್ರೆ ಎರಡು ವರ್ಷ ದಿನಾ ಓಡಾಡಿ ಸತ್ತ ಶಾಕ್ ಅಬ್ಸಾರ್ಬರ್‌ಗೆ ಯಾವ ಗುಂಡಿಯನ್ನ ತೋರಿಸ್ತೀರಿ? ಇನ್ಶೂರೆನ್ಸ್‌ನವರೂ ಸವೆತಕ್ಕೆ ದುಡ್ಡು ಕೊಡಲ್ಲ. ಕೊನೆಗೆ ಖರ್ಚು ಬಂದು ನಿಲ್ಲೋದು ನಮ್ಮ ಮನೆ ಗೇಟಿನ ಮುಂದೆಯೇ.

ಪಾರ್ಟ್ಸ್ ಅಗ್ಗ, ಲೇಬರ್ ಹಾಗೇ

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳೀತು. ತೆರಿಗೆ ಬಿಟ್ಟು ಸಾವಿರ ರೂಪಾಯಿ ಇರೋ ಪಾರ್ಟ್‌ಗೆ ಮೊದಲು 1,280 ಕೊಡ್ತಿದ್ವಿ, ಈಗ 1,180. ಆದ್ರೆ ಲೇಬರ್ ಮೇಲೆ ಮೊದಲೂ ಶೇ. 18, ಈಗಲೂ ಶೇ. 18. ಬಿಲ್‌ನಲ್ಲಿ ಪಾರ್ಟ್ಸ್ ಸಾಲು ಚಿಕ್ಕದಾಯ್ತು, ಲೇಬರ್ ಸಾಲು ಹಾಗೇ ಉಳೀತು. ಹಾಗಾಗಿ ಪಾರ್ಟ್ ತಂದು ನಾವೇ ಹಾಕ್ಕೊಂಡ್ರೆ ಆಯ್ತಲ್ಲ ಅನ್ನೋ ಲೆಕ್ಕ ತಾನಾಗೇ ತಲೆಗೆ ಬರುತ್ತೆ.

ಪಾರ್ಟ್ಸ್ ಕೈಗೆ ಸಿಗೋದೂ ಸುಲಭವಾಗಿದೆ. ಕಂಪನಿಗಳು ಒರಿಜಿನಲ್ ಬಿಡಿಭಾಗ, ರಿಪೇರಿ ಮಾಹಿತಿಯನ್ನ ತಮ್ಮ ಸರ್ವಿಸ್ ಸೆಂಟರ್ ಆಚೆ ಬಿಡ್ತಿಲ್ಲ ಅಂತ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಅದು ಮೇಲ್ಮನವಿಗೆ ಹೋಯ್ತು ಬಿಡಿ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡ್ತು, ಅದರಲ್ಲಿ ವಾಹನ ಕ್ಷೇತ್ರವೂ ಇದೆ. ಈಗ ಆನ್‌ಲೈನ್‌ನಲ್ಲೂ ಸಿಗುತ್ತೆ, ಜೆ.ಸಿ. ರಸ್ತೆಗೆ ಹೋದ್ರೂ ಸಿಗುತ್ತೆ. ಜತೆಗೆ ಡೂಪ್ಲಿಕೇಟೂ ಸಿಗುತ್ತೆ. ಬಿಲ್ ಇಲ್ಲದ, ಎಂಆರ್‌ಪಿ ಸ್ಟಿಕ್ಕರ್ ಇಲ್ಲದ ಬ್ರೇಕ್ ಪ್ಯಾಡ್ ಅರ್ಧ ರೇಟಿಗೆ ಕೊಟ್ಟರೂ ಬೇಡ. ಸೀಟ್ ಕವರ್‌ನಲ್ಲಿ ಮೋಸ ಹೋದ್ರೆ ಹರಿದ ಸೀಟ್, ಬ್ರೇಕ್‌ನಲ್ಲಿ ಮೋಸ ಹೋದ್ರೆ ಪ್ರಾಣ.

ಕಾನೂನು ಏನು ಹೇಳುತ್ತೆ?

ನಿಮ್ಮ ಕಾರನ್ನ ನೀವೇ ರಿಪೇರಿ ಮಾಡ್ಕೊಳ್ಳೋದು ಅಪರಾಧ ಅಲ್ಲ. ಹಳೇ ಪ್ಯಾಡ್ ತೆಗೆದು ಅದೇ ಅಳತೆಯ ಹೊಸ ಪ್ಯಾಡ್ ಹಾಕೋದಕ್ಕೆ ಯಾರ ಪರ್ಮಿಷನ್ನೂ ಬೇಡ. ಆದ್ರೆ ಸ್ಪ್ರಿಂಗ್ ಕಟ್ ಮಾಡಿ ಗಾಡಿ ತಗ್ಗಿಸೋದು, ಕಂಪನಿ ಕೊಟ್ಟ ವಿನ್ಯಾಸವನ್ನೇ ಬದಲಿಸೋದು ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇಂಥ ಮಾರ್ಪಾಡಿಗೆ ಅಡ್ಡ ನಿಲ್ಲುತ್ತೆ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಇನ್ನು ಸೆಕ್ಷನ್ 190. ದೋಷ ಇದೆ ಅಂತ ಗೊತ್ತಿದ್ದೂ, ಇಲ್ಲಾ ಸ್ವಲ್ಪ ಗಮನ ಕೊಟ್ಟಿದ್ರೆ ಗೊತ್ತಾಗ್ತಿತ್ತು ಅನ್ನೋ ಸ್ಥಿತಿಯಲ್ಲಿ, ಅಪಾಯಕಾರಿ ವಾಹನವನ್ನ ರಸ್ತೆಗಿಳಿಸಿದ್ರೆ 1,500 ರೂಪಾಯಿವರೆಗೆ ದಂಡ. ಆ ದೋಷದಿಂದ ಅಪಘಾತವಾಗಿ ಯಾರಿಗಾದ್ರೂ ಗಾಯ ಆದ್ರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಅಂದ್ರೆ ಬ್ರೇಕ್ ಬಿಚ್ಚಿದ ಮೇಲೆ ಸರಿಯಾಗಿದೆಯಾ ಅಂತ ನೋಡೋ ಹೊಣೆ ಓಡಿಸೋರ ಮೇಲೇ ಇದೆ.

ತೂತು ಇರೋದು ಇಲ್ಲೇ

ಸರಿ, ನೋಡೋದು ಹೇಗೆ? ಬಳ್ಳಾರಿ ರಸ್ತೆಯಲ್ಲಿ ಒಂದೇ ಮಾಡೆಲ್‌ನ ಎರಡು ಕಾರು ಅಕ್ಕಪಕ್ಕ ಹೋಗ್ತಿವೆ ಅಂದ್ಕೊಳ್ಳಿ. ಒಂದು ಹಳದಿ ಬೋರ್ಡ್, ಒಂದು ಬಿಳಿ ಬೋರ್ಡ್. ಹಳದಿ ಬೋರ್ಡ್ ಟ್ಯಾಕ್ಸಿಗೆ ಎಂಟು ವರ್ಷ ಆಗೋವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗ್ಬೇಕು. ಬಿಳಿ ಬೋರ್ಡ್ ಕಾರಿಗೆ? ಆರ್‌ಸಿ 15 ವರ್ಷ. ಅದು ಮುಗಿದು ನವೀಕರಣಕ್ಕೆ ಹೋಗೋವರೆಗೆ ಅದರ ಬ್ರೇಕನ್ನ ಸರ್ಕಾರದ ಕಡೆಯಿಂದ ಯಾರೂ ಮುಟ್ಟಿ ನೋಡಲ್ಲ.

ಆದ್ರೆ ಹೊಗೆ ತಪಾಸಣೆ ಸರ್ಟಿಫಿಕೇಟ್ ವರ್ಷಕ್ಕೊಮ್ಮೆಯಾದರೂ ಬೇಕೇ ಬೇಕು. ಪೆಟ್ರೋಲ್ ಬಂಕ್ ಪಕ್ಕದಲ್ಲೇ ಅದರ ವ್ಯಾನ್ ನಿಂತಿರುತ್ತೆ. ಹೊಗೆ ನೋಡೋದು ಸರಿಯೇ, ನಾವೆಲ್ಲ ಉಸಿರಾಡಬೇಕಲ್ಲ. ಆದ್ರೆ ಹೊಗೆ ನೋಡೋ ವ್ಯವಸ್ಥೆಗೆ ಬ್ರೇಕ್ ಯಾಕೆ ಕಾಣಲ್ಲ? ಮನೆಯಲ್ಲಿ ರಿಪೇರಿ ಮಾಡೋರು ಹೆಚ್ಚಾದಷ್ಟೂ ಈ ಪ್ರಶ್ನೆ ದೊಡ್ಡದಾಗುತ್ತೆ. ಗ್ಯಾರೇಜ್‌ನಲ್ಲಿ ಮಾಡಿಸಿದ್ರೆ ಕೊನೇಪಕ್ಷ ಮೆಕಾನಿಕ್ ಒಂದು ಟ್ರಯಲ್ ಹೊಡೀತಾರೆ. ಮನೆ ಕೆಲಸಕ್ಕೆ ಎರಡನೇ ಕಣ್ಣೇ ಇಲ್ಲ.

ಯಾವುದು ಮನೇಲಿ, ಯಾವುದು ಬೇಡ?

ಕೈಗೆ ಸ್ವಲ್ಪ ಅಭ್ಯಾಸ ಇದ್ದು, ಗಾಡಿಯ ಮ್ಯಾನುಯಲ್ ಓದಿಕೊಂಡ್ರೆ ಮುಂದಿನ ಡಿಸ್ಕ್ ಬ್ರೇಕ್ ಪ್ಯಾಡ್ ಬದಲಿಸೋದು ಮನೆಯಲ್ಲೇ ಆಗೋ ಕೆಲಸ. ಆದ್ರೆ ಕೆಲವು ವಿಷಯದಲ್ಲಿ ರಾಜಿ ಬೇಡ.

ಕಾರಿನ ಜತೆ ಬರೋ ಜಾಕ್ ಸ್ಟೆಪ್ನಿ ಹಾಕೋಕೆ ಮಾತ್ರ. ಸಮತಟ್ಟಾದ ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರೋ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಇಟ್ಟ ಮೇಲೇ ಕೈ ಹಾಕಿ. ಇಳಿಜಾರು ರಸ್ತೆಯಲ್ಲಿ, ಬರೀ ಇಟ್ಟಿಗೆ ಪೇರಿಸಿ ಕಾರಿನ ಕೆಳಗೆ ತಲೆ ಹಾಕ್ಬೇಡಿ. ಪ್ಯಾಡ್ ಯಾವಾಗಲೂ ಎರಡೂ ಕಡೆ ಒಟ್ಟಿಗೆ ಬದಲಿಸಿ, ಒಂದೇ ಕಡೆ ಹಾಕಿದ್ರೆ ಬ್ರೇಕ್ ಹೊಡೆದಾಗ ಗಾಡಿ ಪಕ್ಕಕ್ಕೆ ಎಳೆಯುತ್ತೆ. 2019ರ ಏಪ್ರಿಲ್‌ನಿಂದ ತಯಾರಾದ ಕಾರುಗಳಿಗೆ ಎಬಿಎಸ್ ಕಡ್ಡಾಯ, ಹಾಗಾಗಿ ಚಕ್ರದ ಹತ್ತಿರ ಸೆನ್ಸರ್ ವೈರ್ ಇರುತ್ತೆ. ಅದನ್ನ ಎಳೆದು ಕಿತ್ತುಹಾಕ್ಬೇಡಿ. ಡ್ರಮ್ ಬಿಚ್ಚಿದಾಗ ಬರೋ ಪುಡಿಯನ್ನ ಬಾಯಲ್ಲಿ ಊದ್ಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಈಗ ನಮ್ಮ ಭಾವನ ಕಥೆಗೆ ಬರೋಣ. ಹೊಸ ಪ್ಯಾಡ್ ದಪ್ಪ ಇರುತ್ತೆ, ಅದಕ್ಕೆ ಜಾಗ ಮಾಡೋಕೆ ಕ್ಯಾಲಿಪರ್ ಪಿಸ್ಟನ್ ಒಳಕ್ಕೆ ತಳ್ತೀವಿ. ಆಮೇಲೆ ಪಿಸ್ಟನ್ ಮತ್ತೆ ಪ್ಯಾಡ್‌ಗೆ ತಾಗೋವರೆಗೆ ಪೆಡಲ್ ಒತ್ತಿದ್ರೂ ಬ್ರೇಕ್ ಹಿಡಿಯಲ್ಲ. ಗಾಡಿ ಅಲ್ಲಾಡಿಸೋ ಮೊದಲು, ನಿಂತಲ್ಲೇ, ಪೆಡಲ್ ಗಟ್ಟಿಯಾಗೋವರೆಗೆ ಹಲವು ಸಲ ಒತ್ತಬೇಕು. ಆಮೇಲೆ ಬ್ರೇಕ್ ಆಯಿಲ್ ಮಟ್ಟ ನೋಡಬೇಕು. ನಾವು ನೋಡಿದ ವಿಡಿಯೋದಲ್ಲಿ ಇದನ್ನೂ ಹೇಳಿದ್ರಂತೆ. ಕೊನೇ ಅರ್ಧ ನಿಮಿಷ ನಾವು ನೋಡಿರಲಿಲ್ಲ.

ಸಸ್ಪೆನ್ಷನ್ ವಿಷಯ ಬೇರೆ. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿ ಇರುತ್ತೆ. ಆ ಸ್ಪ್ರಿಂಗ್ ಒತ್ತಡದಲ್ಲೇ ಕೂತಿರುತ್ತೆ. ಸರಿಯಾದ ಕಂಪ್ರೆಸರ್ ಟೂಲ್ ಇಲ್ಲದೆ ಮೇಲಿನ ನಟ್ ಬಿಚ್ಚಿದ್ರೆ ಅದು ಚಿಮ್ಮಿ ಮುಖಕ್ಕೆ ಹೊಡೆಯುತ್ತೆ. ಹಗ್ಗ, ತಂತಿ ಕಟ್ಟಿ ಮಾಡೋ ಕೆಲಸ ಅಲ್ಲ ಇದು, ಗ್ಯಾರೇಜ್‌ಗೇ ಬಿಡಿ. ಹಾಕಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸ್ಲೇಬೇಕು. ಬ್ರೇಕ್ ಪೈಪ್ ಬಿಚ್ಚಿ ಗಾಳಿ ತೆಗೆಯೋ ಕೆಲಸವೂ ಅಷ್ಟೇ, ಕಲಿತವರಿಗೆ ಬಿಡಿ. ಹಾಗಂತ ಸತ್ತ ಶಾಕ್ ಅಬ್ಸಾರ್ಬರ್‌ನಲ್ಲೇ ಓಡಿಸೋದೂ ತಪ್ಪು. ಚಕ್ರ ಪುಟಿಯುತ್ತೆ, ರಸ್ತೆ ಹಿಡಿತ ತಪ್ಪುತ್ತೆ, ಪ್ಯಾಡ್ ಹೊಸದಾಗಿದ್ರೂ ಗಾಡಿ ನಿಲ್ಲೋಕೆ ಹೆಚ್ಚು ದೂರ ಬೇಕಾಗುತ್ತೆ.

ಇನ್ನೊಂದು ಮಾತು. ಹಳೇ ಬ್ರೇಕ್ ಆಯಿಲ್ ಮೋರಿಗೆ ಸುರೀಬೇಡಿ. ಇಲ್ಲಿನ ಚರಂಡಿ ನೀರು ಕೊನೆಗೆ ಹೋಗೋದು ಕೆರೆ ಕಡೆಗೇ.

ಕೇಳಬೇಕಾದ್ದು ಏನು?

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ್ವು. ಯಲಹಂಕ, ಹೆಬ್ಬಾಳದ ಕಡೆಗೆ ಈಗ ಬೆಂಗಳೂರು ಉತ್ತರ ನಗರ ಪಾಲಿಕೆ. ಹೊಸ ಬೋರ್ಡ್ ಬಂತು, ಒಳರಸ್ತೆಯ ಹಂಪ್ ಮಾತ್ರ ಹಳೇದೇ. ವಾರ್ಡ್‌ವಾರು ಹಂಪ್ ಅಳೆದು ಸರಿ ಮಾಡೋದಕ್ಕೆ ದೊಡ್ಡ ಟೆಂಡರ್ ಏನೂ ಬೇಡ.

ಆರ್‌ಟಿಒ ಕಡೆಗೂ ಒಂದು ಬೇಡಿಕೆ. ಯಶವಂತಪುರದ ಕೆಎ-04, ಯಲಹಂಕದ ಕೆಎ-50 ಕಚೇರಿಗಳು ತಿಂಗಳಿಗೊಂದು ದಿನ ಬಿಳಿ ಬೋರ್ಡ್ ಕಾರುಗಳಿಗೆ ಬ್ರೇಕ್, ಸಸ್ಪೆನ್ಷನ್ ತಪಾಸಣೆ ಶಿಬಿರ ಮಾಡಲಿ. ದಂಡ ಬೇಡ, ಬರೀ ನೋಡಿ ಹೇಳಲಿ. ದಂಡದ ಭಯ ಇದ್ರೆ ಮನೇಲಿ ರಿಪೇರಿ ಮಾಡಿದವರು ಆ ಕಡೆ ತಲೆ ಹಾಕಲ್ಲ.

ಅಲ್ಲಿಯವರೆಗೆ? ಮನೆಯಲ್ಲೇ ಪ್ಯಾಡ್ ಹಾಕಿದ್ರೂ ಪರವಾಗಿಲ್ಲ, ಪಕ್ಕದ ಗ್ಯಾರೇಜ್ ಮೆಕಾನಿಕ್ ಕೈಗೆ ನೂರಿನ್ನೂರು ಕೊಟ್ಟು ಒಂದ್ಸಲ ಚೆಕ್ ಮಾಡಿಸಿ. ನಮ್ಮ ಭಾವ ಈಗ ಹಾಗೇ ಮಾಡ್ತಾರೆ. ಲೇಬರ್ ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ಅಲ್ಲಿಗೆ ಹೋಗುತ್ತೆ. ಆದ್ರೆ ಪಕ್ಕದ ಮನೆ ಹುಡುಗ ಈಗಲೂ ಅದೇ ರಸ್ತೆಯಲ್ಲಿ ಸೈಕಲ್ ಹೊಡೀತಾನೆ.